ಮಲೆನಾಡಿನ ಮನೆಯಲ್ಲಿ ಗಾಳ, ರಾಡು, ಬಲೆ ಕೆಡದಂತೆ ಎತ್ತಿಡುವುದು: ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ಹಿಡಿಯಿತೆಂದರೆ ಗಾಳದ ಸಾಮಾನು ಮೂಲೆ ಸೇರುತ್ತದೆ. ತುಂಗೆ ಕೆಂಪಗೆ ತುಂಬಿ ಹರಿಯುವಾಗ ದಡಕ್ಕೆ ಇಳಿಯುವುದೇ ಅಪಾಯ. ಮೀನು ಮೊಟ್ಟೆ ಇಡುವ ಕಾಲವೂ ಅದೇ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಡು (ಗಾಳದ ಕೋಲು), ರೀಲು (ದಾರ ಸುತ್ತುವ ಚಕ್ರ), ಬಲೆ ಹೆಚ್ಚಾಗಿ ಮನೆಯೊಳಗೇ ಇರುತ್ತವೆ. ಬಳಸದೇ ಇಟ್ಟ ಆ ನಾಲ್ಕು ತಿಂಗಳಲ್ಲೇ ಅವು ಜಾಸ್ತಿ ಹಾಳಾಗುವುದು. ಅಕ್ಟೋಬರ್‌ನಲ್ಲಿ ಡಬ್ಬಿ ತೆಗೆದರೆ ಗಾಳಕ್ಕೆ ತುಕ್ಕು, ರಾಡಿನ ಹಿಡಿಗೆ ಬೂಸ್ಟು, ಬಲೆಯಲ್ಲಿ ಇಲಿ ಕಡಿದ ತೂತು.

ಬಯಲುಸೀಮೆಯ ಮನೆಗೆ ಹೊಂದುವ ಸಲಹೆ ನಮಗೆ ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ಧೂಳು ಮತ್ತು ಬಿಸಿಲಿನ ಚಿಂತೆ. ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದರೆ ಸಾಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ನಮ್ಮ ಕಡೆ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ ಅಲ್ವಾ? ಅಂಥ ಗಾಳಿಯನ್ನೇ ಡಬ್ಬಿಯೊಳಗೆ ತುಂಬಿ ಮುಚ್ಚಿದರೆ ತುಕ್ಕಿಗೆ ನಾವೇ ಜಾಗ ಮಾಡಿಕೊಟ್ಟ ಹಾಗೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಮೂರು ಕೆಲಸದ ಸುತ್ತ ಇದೆ. ಪೂರ್ತಿ ಒಣಗಿಸಬೇಕು, ಗಾಳಿ ಆಡುವ ಕಡೆ ಎತ್ತಿಡಬೇಕು, ಮಳೆಗಾಲದಲ್ಲಿ ನಡುನಡುವೆ ತೆರೆದು ನೋಡಬೇಕು.

1. ಮೇ ತಿಂಗಳಲ್ಲಿ ಎಲ್ಲವನ್ನೂ ಜಗುಲಿಗೆ ತನ್ನಿ

ಮೃಗಶಿರಾ ಮಳೆ ಶುರುವಾಗುವುದು ಜೂನ್ ಮೊದಲ ವಾರ ಮುಗಿಯುವ ಹೊತ್ತಿಗೆ. ಅದಕ್ಕೆ ಎರಡು ವಾರ ಮುಂಚೆ ಒಂದು ಭಾನುವಾರವನ್ನು ಇದಕ್ಕೇ ಇಟ್ಟುಕೊಳ್ಳಿ. ಬಿಸಿಲು ಗಟ್ಟಿಯಾಗಿರಬೇಕು. ಮಳೆ ಹಿಡಿದ ಮೇಲೆ ಈ ಕೆಲಸಕ್ಕೆ ಕೈ ಹಾಕಿದರೆ ಯಾವುದೂ ಸರಿಯಾಗಿ ಒಣಗುವುದಿಲ್ಲ.

ಜಗುಲಿಯ ಮೇಲೆ ಹಳೇ ಬಿಳಿ ಪಂಚೆ ಹಾಸಿ ಸಾಮಾನೆಲ್ಲ ಸುರಿಯಿರಿ. ಬಿಳಿ ಬಟ್ಟೆಯ ಮೇಲೆ ಬಿದ್ದ ಸಣ್ಣ ಗಾಳ ಕಣ್ಣಿಗೆ ಬೀಳುತ್ತದೆ. ಮಕ್ಕಳನ್ನೂ ನಾಯಿಯನ್ನೂ ದೂರ ಇಡಿ. ಕೋಳಿಯ ಮೇಲಂತೂ ಕಣ್ಣಿರಲಿ. ಒಣಗಿದ ಎರೆಹುಳ ಅಂಟಿಕೊಂಡ ಗಾಳವನ್ನು ಅದು ಕುಕ್ಕಿ ನುಂಗಿಬಿಡುತ್ತದೆ.

ಮೊದಲು ಬಿಸಾಡುವುದನ್ನು ಬೇರೆ ಮಾಡಿ. ತುಕ್ಕು ತಿಂದು ಮೊನೆ ಹೋದ ಗಾಳ, ಗಂಟು ಬಿದ್ದ ದಾರದ ಮುದ್ದೆ, ಒಡೆದ ಬೆಂಡು ಇವನ್ನೆಲ್ಲ 'ಇರಲಿ, ಯಾವಾಗಲಾದರೂ ಬೇಕಾಗುತ್ತದೆ' ಎಂದು ಉಳಿಸಬೇಡಿ. ಒಂದು ತುಕ್ಕು ಗಾಳ ಪಕ್ಕದಲ್ಲಿರುವ ಹೊಸ ಗಾಳಗಳಿಗೂ ತುಕ್ಕು ಹತ್ತಿಸುತ್ತದೆ. ಹಳೇ ಗಾಳಗಳನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಟೇಪು ಸುತ್ತಿ ಆಮೇಲೆ ಕಸಕ್ಕೆ ಕೊಡಿ. ದಾರವನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ ಹಾಕಿ. ಉದ್ದ ದಾರ ಹಾಗೇ ಹೋದರೆ ಹಕ್ಕಿಯ ಕಾಲಿಗೆ, ದನದ ಬಾಯಿಗೆ ಸಿಗುತ್ತದೆ. ಅದನ್ನು ಹೊಳೆಗಂತೂ ಬಿಸಾಡಲೇಬೇಡಿ. ಒಲೆಗೂ ಹಾಕಬೇಡಿ, ನೈಲಾನ್ ಸುಟ್ಟ ಹೊಗೆ ಒಳ್ಳೆಯದಲ್ಲ.

ಉಳಿದದ್ದನ್ನು ಹೇಗೆ ವಿಂಗಡಿಸುವುದು? ಗಾಳ ಒಂದು ಕಡೆ, ಸೀಸ ಒಂದು ಕಡೆ, ದಾರ ಒಂದು ಕಡೆ ಎಂದು ಮಾಡುವವರು ಜಾಸ್ತಿ. ನನಗೆ ಅದು ಹಿಡಿಸುವುದಿಲ್ಲ. ಹೊರಡುವಾಗ ನಾಲ್ಕು ಡಬ್ಬಿ ಹುಡುಕಬೇಕಾಗುತ್ತದೆ, ಒಂದು ಮರೆತೇ ಹೋಗುತ್ತದೆ. ಹೋಗುವ ನೀರಿನ ಪ್ರಕಾರ ವಿಂಗಡಿಸುವುದು ವಾಸಿ. ಊರ ಕೆರೆಯಲ್ಲಿ ಎರೆಹುಳ ಹಾಕಿ ಕೂರುವುದಕ್ಕೆ ಸಣ್ಣ ಗಾಳ, ಬೆಂಡು, ತೆಳು ದಾರ ಇರುವ ಒಂದು ಚೀಲ. ಲಿಂಗನಮಕ್ಕಿ ಅಥವಾ ಭದ್ರಾ ಹಿನ್ನೀರಿನಲ್ಲಿ ಕಾಟ್ಲಾ, ರೋಹುಗೆ ಕಾಯುವುದಕ್ಕೆ ದಪ್ಪ ದಾರ, ಭಾರದ ಸೀಸ, ದೊಡ್ಡ ಗಾಳ ಇರುವ ಇನ್ನೊಂದು. ಕೊರವ ಮೀನಿಗೆ ಕಪ್ಪೆ ಲೂರ್ (ಕಪ್ಪೆಯ ಆಕಾರದ ನಕಲಿ ಎರೆ) ಎಸೆಯುವವರಿಗೆ ಮೂರನೆಯದು. ಇಕ್ಕಳ, ಕತ್ತರಿ, ಟಾರ್ಚು ಎಲ್ಲ ಚೀಲಕ್ಕೂ ಬೇಕು. ಅವನ್ನು ಒಂದು ಸಣ್ಣ ಚೀಲದಲ್ಲಿ ಹಾಕಿ ಬಾಗಿಲ ಹತ್ತಿರವೇ ನೇತು ಹಾಕಿ.

2. ಜಾಗ ಆರಿಸುವುದು

ಇಲ್ಲಿ ಸ್ವಲ್ಪ ಯೋಚನೆ ಮಾಡಿ. ಜಾಗ ತಪ್ಪಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ನಮ್ಮ ಮಳೆ ಬರುವುದು ನೈಋತ್ಯದಿಂದ. ಎರಚಲು ಹೊಡೆಯುವುದು ಪಡುವಣ ಮತ್ತು ತೆಂಕಣ ಗೋಡೆಗೆ. ಮಳೆಗಾಲದಲ್ಲಿ ಆ ಗೋಡೆಗಳನ್ನು ಒಳಗಿನಿಂದ ಮುಟ್ಟಿ ನೋಡಿ, ತಣ್ಣಗೆ ಕೈಗೆ ನೀರು ಹತ್ತುತ್ತದೆ. ಅಲ್ಲಿಗೆ ರಾಡು ಒರಗಿಸಬಾರದು, ಬೀರುವನ್ನೂ ಇಡಬಾರದು. ಮನೆಯ ನಡುವಿನ ಗೋಡೆ, ಎರಡೂ ಕಡೆ ಕೋಣೆ ಇರುವಂಥದ್ದು, ಎಲ್ಲಕ್ಕಿಂತ ಒಣಗಿರುತ್ತದೆ. ಅಲ್ಲೂ ಸಾಮಾನಿಗೂ ಗೋಡೆಗೂ ಎರಡು ಇಂಚು ಸಂದು ಬಿಡಿ. ನೆಲದ ಮೇಲೆ ಏನನ್ನೂ ಇಡಬೇಡಿ. ಹಳೇ ಮನೆಯ ನೆಲ ತೇವ ಎಳೆಯುತ್ತದೆ, ಒರಲೆಯೂ ಹತ್ತುತ್ತದೆ. ಒಂದಡಿಯಾದರೂ ಎತ್ತರ ಇರಲಿ.

ಅಟ್ಟ ಒಳ್ಳೆಯ ಜಾಗವೇ. ಆದರೆ ಹಂಚು ಸೋರದಿರಬೇಕು. ಬೇಸಿಗೆಯಲ್ಲಿ ಹಂಚಿನ ಕೆಳಗೆ ಕಾವು ವಿಪರೀತ. ಮಳೆಗಾಲದಲ್ಲಿ ಅಟ್ಟದಲ್ಲಿಟ್ಟು ಬೇಸಿಗೆಯಲ್ಲಿ ಕೆಳಗೆ ತರುವುದಾದರೆ ಸರಿ. ಅಡಿಕೆ ಕೊಯ್ಲಿನ ಹೊತ್ತಿಗೆ ಅಟ್ಟದಲ್ಲಿ ಮೂಟೆ ತುಂಬುತ್ತವೆ ಎನ್ನುವುದೂ ನೆನಪಿರಲಿ. ರಾಡಿನ ಮೇಲೆ ಒಂದು ಮೂಟೆ ಬಿದ್ದರೆ ಮುಗಿಯಿತು.

ಅಡುಗೆ ಒಲೆ ಅಥವಾ ಬಚ್ಚಲು ಒಲೆಯ ಮೇಲೆ ಇಡಬಹುದೇ? ಮಳೆಗಾಲದಲ್ಲಿ ಮನೆಯಲ್ಲಿ ಬೆಚ್ಚಗಿರುವುದು ಅದೊಂದೇ ಜಾಗ, ಹಾಗಾಗಿ ಎಲ್ಲರಿಗೂ ಈ ಯೋಚನೆ ಬರುತ್ತದೆ. ಬಿದಿರಿನ ಕೂಣಿಗೆ (ಮೀನು ಹಿಡಿಯುವ ಬುಟ್ಟಿ), ಬಿದಿರಿನ ಗಾಳದ ಕೋಲಿಗೆ ಹೊಗೆ ಒಳ್ಳೆಯದು. ಅದರ ವಿಚಾರ ಮುಂದೆ ಬರುತ್ತದೆ. ನೈಲಾನ್ ದಾರ, ಬಲೆ, ರೀಲು, ಲೂರ್ ಇವನ್ನು ಅಲ್ಲಿಡಬೇಡಿ. ಕಾವಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಮಸಿ ಮತ್ತು ಜಿಡ್ಡು ರೀಲಿನೊಳಗೆ ಸೇರುತ್ತದೆ. ಬಚ್ಚಲಿನಲ್ಲಿ ಹಂಡೆಯ ಹಬೆ ಬೇರೆ.

ಪೇಟೆಯಲ್ಲಿ, ಶಿವಮೊಗ್ಗದ ಬಾಡಿಗೆ ಮನೆಯಲ್ಲಿರುವವರಿಗೆ ಅಟ್ಟ, ಜಗುಲಿ ಇರುವುದಿಲ್ಲ. ಮಂಚದ ಕೆಳಗೆ ತುರುಕುವುದಕ್ಕಿಂತ ಬಾಗಿಲ ಮೇಲಿನ ಸಜ್ಜಾ ಒಳ್ಳೆಯದು. ಗೋಡೆ ಬೀರು ಇದ್ದರೆ ಅದರ ಬಾಗಿಲಿಗೆ ಕೆಳಗೂ ಮೇಲೂ ನಾಲ್ಕಾರು ತೂತು ಹೊಡೆಸಿ. ಗಾಳಿ ಕೆಳಗಿಂದ ಹೊಕ್ಕು ಮೇಲಿಂದ ಹೊರಡುತ್ತದೆ.

3. ತೊಳೆದು ಒಣಗಿಸುವುದು

ನಮ್ಮದು ಸಿಹಿನೀರು, ಉಪ್ಪಿನ ಕಾಟ ಇಲ್ಲ. ಆದರೆ ಹೊಳೆಯ ಮರಳು, ಕೆರೆಯ ಕೆಸರು, ಪಾಚಿ ಇವೆ. ಹೊನ್ನಾವರ, ಭಟ್ಕಳದ ಕಡೆ ಸಮುದ್ರಕ್ಕೂ ಹೋಗಿ ಬರುವವರಾದರೆ ಅದೇ ರಾತ್ರಿ ತೊಳೆಯಲೇಬೇಕು. ಉಪ್ಪು ಕೂತರೆ ಎರಡೇ ದಿನದಲ್ಲಿ ತುಕ್ಕು ಶುರು.

ರಾಡನ್ನು ಬಿಡಿಸಿ, ಒದ್ದೆ ಬಟ್ಟೆಗೆ ಚೂರು ಸೋಪು ಹಚ್ಚಿ ಒರೆಸಿ. ದಾರ ಹಾಯುವ ಉಂಗುರಗಳ ಬುಡವನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಕಾರ್ಕಿನ ಹಿಡಿ ಇದ್ದರೆ ಅದಕ್ಕೆ ಕೈ ಬೆವರು, ಮೀನಿನ ಲೋಳೆ, ಹಿಟ್ಟು ಎಲ್ಲ ಹಿಡಿದಿರುತ್ತದೆ. ಬೂಸ್ಟು ಮೊದಲು ಬರುವುದು ಅಲ್ಲಿಗೇ. ಅದನ್ನು ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ನೆರಳಿನಲ್ಲಿ, ಗಾಳಿಗೆ ಒಂದು ಪೂರ್ತಿ ದಿನ ಬಿಡಿ. ಬಿಸಿಲಿಗೆ ಅರ್ಧ ಗಂಟೆ ಸಾಕು. ದಾರ ಮತ್ತು ಬಲೆಗೆ ಬಿಸಿಲು ಬೇಡವೇ ಬೇಡ, ನೈಲಾನನ್ನು ಒಳಗಿಂದ ಕೊಲ್ಲುವುದೇ ಬಿಸಿಲು.

ಒದ್ದೆ ರಾಡನ್ನು ಬಟ್ಟೆ ಚೀಲಕ್ಕೆ ಹಾಕಿ ಎತ್ತಿಡುವುದು ತುಂಬ ಮನೆಗಳಲ್ಲಿ ಕಾಣುವ ಅಭ್ಯಾಸ. ಚೀಲ ಇರುವುದೇ ಕಾಪಾಡುವುದಕ್ಕೆ ಎಂದು ನಾವು ನಂಬಿರುತ್ತೇವೆ. ಒಳಗೆ ಉಳಿದ ತೇವದಿಂದ ರಾಡಿನ ಮೇಲಿನ ವಾರ್ನಿಷ್ ಗುಳ್ಳೆ ಏಳುತ್ತದೆ, ಉಂಗುರದ ಕಾಲು ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ರಾಡು ಚೀಲದ ಹೊರಗೇ ಇರಲಿ. ಚೀಲ ಪ್ರಯಾಣಕ್ಕೆ ಮಾತ್ರ.

4. ರೀಲು

ರೀಲನ್ನು ಬಕೆಟ್ಟಿನಲ್ಲಿ ಮುಳುಗಿಸಬೇಡಿ. ನಲ್ಲಿಯ ಜೋರು ನೀರಿಗೂ ಹಿಡಿಯಬೇಡಿ. ಎರಡರಿಂದಲೂ ನೀರು ಗ್ರೀಸ್ ಇರುವ ಜಾಗಕ್ಕೆ ಹೋಗುತ್ತದೆ. ಸಾಮಾನ್ಯ ಸ್ಪಿನ್ನಿಂಗ್ ರೀಲಿಗೆ ಹೀಗೆ ಮಾಡಿ.

ಮೊದಲು ಮುಂದಿನ ಡ್ರ್ಯಾಗ್ ತಿರುಪನ್ನು, ಅಂದರೆ ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಡಬೇಕೆಂದು ಹದ ಮಾಡುವ ತಿರುಪನ್ನು, ಬಿಗಿ ಮಾಡಿ. ಆಗ ಒಳಗಿನ ಬಿಲ್ಲೆಗಳಿಗೆ ನೀರು ಇಳಿಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಹೊರಮೈ ಒರೆಸಿ. ಒಣಬಟ್ಟೆಯಲ್ಲಿ ಮತ್ತೆ ಒರೆಸಿ. ಸ್ಪೂಲನ್ನು (ದಾರ ಸುತ್ತಿರುವ ಉರುಳೆ) ಹೊರಗೆ ತೆಗೆದು ಅದರ ಕೆಳಗಿನ ಮರಳು, ಕೂದಲು, ದಾರದ ಚೂರು ತೆಗೆಯಿರಿ. ದಾರ ಹಾಯುವ ಪುಟ್ಟ ಉರುಳೆ, ದಾರವನ್ನು ಸ್ಪೂಲಿಗೆ ಸುತ್ತುವ ಬೇಲ್ ತಂತಿಯ ಎರಡು ಕೀಲು, ಹಿಡಿಯ ಗುಂಡಿ, ಇಷ್ಟಕ್ಕೆ ಒಂದೊಂದೇ ಹನಿ ತೆಳು ಎಣ್ಣೆ ಬಿಡಿ. ಹೊಲಿಗೆ ಮಿಷಿನ್ನಿನ ಎಣ್ಣೆ ನಡೆಯುತ್ತದೆ. ತೆಂಗಿನೆಣ್ಣೆ ಬೇಡ, ಅದು ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಟಾಗುತ್ತದೆ.

ಒಳಗಿನ ಹಲ್ಲುಚಕ್ರಗಳಿಗೆ ಬೇಕಾಗಿರುವುದು ಗ್ರೀಸ್. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಇದ್ದ ಗ್ರೀಸ್ ಕೂಡ ಕರಗಿ ಹೋಗುತ್ತದೆ. ರೀಲು ಹಗುರಾಗಿ ತಿರುಗಿದಂತೆ ಕಾಣುತ್ತದೆ, ಆದರೆ ಲೋಹ ಲೋಹಕ್ಕೆ ಉಜ್ಜತೊಡಗುತ್ತದೆ. ಹಿಮ್ಮುಖ ತಿರುಗದಂತೆ ತಡೆಯುವ ಬೇರಿಂಗ್‌ಗೆ ಗ್ರೀಸ್ ಹಾಕಲೇಬೇಡಿ. ಅದು ಜಾರತೊಡಗಿದರೆ ಮೀನು ಎಳೆಯುವಾಗ ಹಿಡಿ ಹಿಂದಕ್ಕೆ ತಿರುಗುತ್ತದೆ. ಬಿಚ್ಚುವ ಅಭ್ಯಾಸ ಇಲ್ಲದವರು ಒಳಗಿನ ಕೆಲಸವನ್ನು ಗೊತ್ತಿರುವವರಿಗೆ ಕೊಡಿ. ಬಿಚ್ಚುವವರು ಒಂದೊಂದು ಭಾಗ ತೆಗೆದಾಗಲೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಕೊನೆಗೆ, ಬಿಗಿ ಮಾಡಿದ್ದ ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. ನಾಲ್ಕು ತಿಂಗಳು ಒತ್ತಿಕೊಂಡೇ ಇದ್ದ ಬಿಲ್ಲೆ ಚಪ್ಪಟೆಯಾಗಿ, ದಾರ ಜಗ್ಗಿ ಜಗ್ಗಿ ಬಿಡತೊಡಗುತ್ತದೆ. ದೊಡ್ಡ ಮೀನು ತಪ್ಪಿಸಿಕೊಳ್ಳುವುದು ಅಂಥ ಜಗ್ಗಾಟದಲ್ಲೇ.

5. ರಾಡಿಗೊಂದು ಚೌಕಟ್ಟು

ರಾಡನ್ನು ಮೂಲೆಗೆ ಓರೆಯಾಗಿ ಒರಗಿಸಿ ತಿಂಗಳುಗಟ್ಟಲೆ ಬಿಟ್ಟರೆ ಅದು ಬಾಗಿಯೇ ಉಳಿಯುತ್ತದೆ. ಬಿದಿರು ಮತ್ತು ಫೈಬರ್ ರಾಡುಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಅಂಗಡಿಯಲ್ಲಿ ಚೌಕಟ್ಟು ಸಿಗುತ್ತದೆ, ಆದರೆ ನಮ್ಮಲ್ಲಿ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಇರುವಾಗ ದುಡ್ಡು ಕೊಡುವುದು ಬೇಡ.

ಚೆನ್ನಾಗಿ ಬಲಿತು ಒಣಗಿದ ದಬ್ಬೆ ಎರಡು ಬೇಕು, ಒಂದೊಂದೂ ಮೂರಡಿ. ಸಿಬಿರು ಕೈಗೆ ಚುಚ್ಚದ ಹಾಗೆ ಉಜ್ಜಿ ನುಣುಪು ಮಾಡಿ. ಹಳೇ ಹವಾಯಿ ಚಪ್ಪಲಿಯ ಅಟ್ಟೆಯನ್ನು ಎರಡು ಇಂಚು ಅಗಲದ ಪಟ್ಟಿಯಾಗಿ ಕತ್ತರಿಸಿ. ಅದರಲ್ಲಿ ನಾಲ್ಕು ಇಂಚಿಗೊಂದರಂತೆ ರಾಡು ಕೂರುವಷ್ಟು ಕಚ್ಚು ಮಾಡಿ. ನಾಲ್ಕು ಇಂಚಿಗಿಂತ ಹತ್ತಿರವಾದರೆ ರೀಲುಗಳು ಒಂದಕ್ಕೊಂದು ತಾಗುತ್ತವೆ. ಪಟ್ಟಿಯನ್ನು ದಬ್ಬೆಗೆ ಸಣ್ಣ ಮೊಳೆಯಿಂದ ಹೊಡೆಯಿರಿ. ಈಗ ಎರಡು ದಬ್ಬೆಯನ್ನೂ ಗೋಡೆಗೆ ನಿಲ್ಲಿಸಿ ಹೊಡೆದರೆ ರಾಡು ಅಡ್ಡ ಮಲಗುತ್ತದೆ. ಒಂದೇ ತುಂಡಿನ ಏಳಡಿ ರಾಡಿಗೆ ಎರಡರ ನಡುವೆ ಮೂರು, ಮೂರೂವರೆ ಅಡಿ ಅಂತರ ಇರಲಿ. ಬಿಡಿಸಿಟ್ಟ ತುಂಡುಗಳಿಗೆ ಅವುಗಳ ಉದ್ದಕ್ಕೆ ತಕ್ಕಂತೆ ಅಂತರ ಕಡಿಮೆ ಮಾಡಿ. ತುದಿ ತೆಳುವಾಗಿ ಜೋಲುತ್ತಿದ್ದರೆ ಮೂರನೇ ದಬ್ಬೆ ಹಾಕಿ. ಗೋಡೆಗೂ ದಬ್ಬೆಗೂ ನಡುವೆ ಮರದ ತುಂಡು ಕೊಟ್ಟರೆ ಆ ಎರಡು ಇಂಚು ಸಂದು ಸಿಗುತ್ತದೆ.

ಎತ್ತಿಡುವ ಮೊದಲು ಇನ್ನೆರಡು ಕೆಲಸ. ಎಲ್ಲ ಉಂಗುರದ ಒಳಗೂ ಒಂದು ಚೂರು ಹತ್ತಿ ತಿರುಗಿಸಿ ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ ಎಂದರ್ಥ, ಆ ಉಂಗುರ ದಾರವನ್ನು ಕೊಯ್ಯುತ್ತದೆ. ಬದಲಾಯಿಸಬೇಕು. ಮತ್ತೆ, ರಾಡಿನ ತುಂಡು ಸೇರುವ ಜಾಗಕ್ಕೆ ಮೇಣದ ಬತ್ತಿಯನ್ನು ತೆಳುವಾಗಿ ಉಜ್ಜಿ. ಮುಂದೆ ಜೋಡಿಸಿದಾಗ ಹಿಡಿತ ಚೆನ್ನಾಗಿರುತ್ತದೆ, ಬಿಡಿಸುವಾಗ ಕಚ್ಚಿಕೊಳ್ಳುವುದಿಲ್ಲ. ತುಂಡುಗಳನ್ನು ಜೋಡಿಸಿಯೇ ಇಡಬೇಡಿ.

ಕಾರ್ಬನ್ ರಾಡಿನೊಳಗೆ ಕರೆಂಟು ಹರಿಯುತ್ತದೆ. ಮನೆಯೊಳಗೆ ವೈರು, ಸ್ವಿಚ್ ಬೋರ್ಡಿನ ಹತ್ತಿರ ನೇತು ಹಾಕಬೇಡಿ. ಗುಡುಗು ಶುರುವಾದರೆ ಅದನ್ನು ಹಿಡಿದು ಬಯಲಲ್ಲಿ ನಿಲ್ಲಬೇಡಿ.

6. ದಾರ

ನೈಲಾನ್ ತಂಗೂಸಿ ದಾರ ನೀರು ಹೀರುತ್ತದೆ, ಬಿಸಿಲಿಗೆ ಬಳಲುತ್ತದೆ, ಸುತ್ತಿಟ್ಟ ಆಕಾರವನ್ನೇ ನೆನಪಿಟ್ಟುಕೊಂಡು ಸುರುಳಿ ಏಳುತ್ತದೆ. ಮೇಲಿಂದ ಮೇಲೆ ಬಳಸುವವರು ವರ್ಷಕ್ಕೊಮ್ಮೆ ಬದಲಿಸಿ. ಬದಲಿಸುವುದು ಮಳೆಗಾಲದ ಮೊದಲಲ್ಲ, ಮಳೆ ಮುಗಿದ ಮೇಲೆ. ಹೊಸ ದಾರವನ್ನು ಸುಮ್ನೆ ನಾಲ್ಕು ತಿಂಗಳು ಸ್ಪೂಲಿನಲ್ಲಿ ಸುತ್ತಿಡುವುದರಲ್ಲಿ ಅರ್ಥ ಇಲ್ಲ. ಅಂಗಡಿಯ ಸುತ್ತಿನಲ್ಲೇ, ಕತ್ತಲೆ ಡಬ್ಬಿಯಲ್ಲಿ ಇರಲಿ.

ಹೆಣೆದ ಬ್ರೇಡ್ ದಾರ ನೀರು ಹೀರುವುದಿಲ್ಲ, ಎಷ್ಟೋ ವರ್ಷ ಬರುತ್ತದೆ. ಮೊದಲ ಹತ್ತಿಪ್ಪತ್ತು ಮೀಟರ್ ಸವೆದಿದ್ದರೆ ಅಷ್ಟನ್ನು ಕತ್ತರಿಸಿ. ಇಲ್ಲವೇ ಪೂರ್ತಿ ಬಿಚ್ಚಿ ತಿರುಗಾ ಮುರುಗಾ ಸುತ್ತಿ, ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ. ಆದರೆ ಎಳೆಗಳ ನಡುವೆ ನೀರು ಉಳಿಯುತ್ತದೆ, ಸ್ಪೂಲನ್ನು ಎರಡು ದಿನ ಗಾಳಿಗೆ ಬಿಡಿ.

ಪ್ರತಿ ಸ್ಪೂಲಿಗೂ ಬಿಳಿ ಟೇಪು ಅಂಟಿಸಿ ದಪ್ಪ, ಎಷ್ಟು ಕಿಲೋ ತಡೆಯುತ್ತದೆ, ಸುತ್ತಿದ ತಿಂಗಳು ಬರೆಯಿರಿ. ಬರೆಯದಿದ್ದರೆ ಮುಂದಿನ ವರ್ಷ 0.30 ಮಿ.ಮೀ. ಯಾವುದು, 0.40 ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.

7. ಗಾಳ, ಸೀಸ, ಲೂರ್‌ಗಳ ಡಬ್ಬಿ

ಮನೆಗಳಲ್ಲಿ ಹೆಚ್ಚು ನಷ್ಟ ಆಗುವುದು ಈ ಡಬ್ಬಿಯಲ್ಲೇ. ಗಾಳ ಮಾಡುವುದು ಉಕ್ಕಿನಿಂದ. ಮೇಲಿನ ಲೇಪ ಒಂದು ಕಡೆ ಗೀಚಿದರೂ ಅಲ್ಲಿಂದ ತುಕ್ಕು ಹೊರಡುತ್ತದೆ. ಹೊಳೆಯಿಂದ ಬಂದ ದಿನ ಬಳಸಿದ ಗಾಳ, ಲೂರ್‌ಗಳನ್ನು ನೇರವಾಗಿ ದೊಡ್ಡ ಡಬ್ಬಿಗೆ ಹಾಕದಿರುವುದೇ ಇಲ್ಲಿಯ ಮುಖ್ಯ ಉಪಾಯ. ಅವಕ್ಕೆ ಬೇರೆ ಒಂದು 'ಒದ್ದೆ ಡಬ್ಬಿ' ಇರಲಿ, ಮುಚ್ಚಳ ಇಲ್ಲದ್ದು, ತಳಕ್ಕೆ ಹಳೇ ಬಟ್ಟೆ ಹಾಸಿದ್ದು. ಎರಡು ದಿನ ಅಲ್ಲಿ ಒಣಗಲಿ. ಆಮೇಲೆ ತಮ್ಮ ತಮ್ಮ ಮನೆಗೆ ಹೋಗಲಿ.

ದೊಡ್ಡ ಡಬ್ಬಿಗೆ ಖಾನೆಗಳಿರುವ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಒಂದು ಖಾನೆಗೆ ಒಂದೇ ಅಳತೆಯ ಗಾಳ. ಮುಚ್ಚಳದ ಒಳಗೆ ನಂಬರ್ ಬರೆಯಿರಿ. ಗಾಳದಲ್ಲಿ ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು. 10 ಸಣ್ಣದು, 4 ದೊಡ್ಡದು. ಆದರೆ 1/0, 2/0 ಎಂದು ಬರೆದಿದ್ದರೆ ಲೆಕ್ಕ ತಿರುಗುತ್ತದೆ, ಅಲ್ಲಿ ಅಂಕಿ ಏರಿದಂತೆ ಗಾತ್ರವೂ ಏರುತ್ತದೆ. ಹೊಸಬರು ಗಲಿಬಿಲಿಯಾಗುವುದು ಇಲ್ಲೇ.

ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಚಪ್ಪಲಿ, ಬ್ಯಾಗು, ಎಲೆಕ್ಟ್ರಾನಿಕ್ ಸಾಮಾನಿನ ಜೊತೆ ಬರುವುದನ್ನು ಬಿಸಾಡದೆ ಕೂಡಿಡಿ. ಊಟದ ಡಬ್ಬಿಯಷ್ಟು ದೊಡ್ಡದಕ್ಕೆ ಎರಡು ಮೂರು ಪೊಟ್ಟಣ ಬೇಕು. ಅದು ತೇವ ಹೀರಿ ತುಂಬಿಕೊಂಡ ಮೇಲೆ ಕೆಲಸ ಮಾಡುವುದಿಲ್ಲ. ಬಣ್ಣ ಬದಲಾಗುವ ಮಣಿ ಕೊಂಡರೆ ಇದು ಗೊತ್ತಾಗುತ್ತದೆ. ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ ಅಥವಾ ಬಣ್ಣಗೆಡುತ್ತದೆ. ನೀಲಿ ಬಣ್ಣದ್ದು ನಸುಗೆಂಪಾಗುತ್ತದೆ. ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ಕಿತ್ತಳೆಯನ್ನೇ ಆರಿಸಿ. ಬಿಡಿ ಮಣಿಯನ್ನು ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿದರೆ ಮತ್ತೆ ಒಣಗುತ್ತದೆ. ಮಕ್ಕಳ ಕೈಗೆ ಸಿಗದಿರಲಿ. ಅಕ್ಕಿ ಹಾಕಿಡುವ ರೂಢಿ ಕೆಲವರಿಗಿದೆ. ಮಳೆಗಾಲದಲ್ಲಿ ನಮ್ಮ ಅಕ್ಕಿಯೇ ಮೆತ್ತಗಿರುತ್ತದೆ, ಅದರಿಂದ ಪ್ರಯೋಜನ ಕಡಿಮೆ, ಇರುವೆ ಇಲಿ ಬರುವುದು ಬೇರೆ.

ಸೀಸದ ಗುಂಡುಗಳನ್ನು ಮರದ ಪೆಟ್ಟಿಗೆಯಲ್ಲಿ ಇಡಬೇಡಿ. ಮರದಿಂದ ಹೊರಡುವ ಹುಳಿ ಆವಿ ತೇವದ ಜೊತೆ ಸೇರಿ ಸೀಸವನ್ನು ತಿನ್ನುತ್ತದೆ, ಮೇಲೆ ಬಿಳಿ ಪುಡಿ ಏಳುತ್ತದೆ. ಆ ಪುಡಿ ವಿಷ. ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಅಡುಗೆಮನೆಯಿಂದ ದೂರ ಇಡಿ. ಸೀಳು ಗುಂಡನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಇಕ್ಕಳ ಇದೆ. ಸೀಸ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಎಲೆ ಅಡಿಕೆಗೆ ಕೈ ಹಾಕಿ.

ಮೆತ್ತನೆ ರಬ್ಬರಿನಂಥ ಲೂರ್‌ಗಳನ್ನು ಅವು ಬಂದ ಪೊಟ್ಟಣದಲ್ಲೇ ಇಡಿ. ಅವುಗಳಲ್ಲಿರುವ ಎಣ್ಣೆಯಂಥ ಅಂಶ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನೇ ಕರಗಿಸಿ ಅಂಟಿಸಿಬಿಡುತ್ತದೆ. ಕೆಂಪು, ಬಿಳಿ ಒಟ್ಟಿಗೆ ಹಾಕಿದರೆ ಬಣ್ಣ ಒಂದಕ್ಕೊಂದು ಹತ್ತುತ್ತದೆ. ಕಪ್ಪೆ ಲೂರ್ ಒಳಗೆ ಟೊಳ್ಳು, ನೀರು ಉಳಿದಿರುತ್ತದೆ. ಹಿಂಡಿ ನೀರು ತೆಗೆದು, ಬಾಲ ಕೆಳಗೆ ಮಾಡಿ ನೇತು ಹಾಕಿ. ಅಂಟಿಕೊಂಡ ಕಾಲಿನ ಎಳೆಗಳನ್ನು ಬಿಡಿಸಿ. ಮೂರು ಮೊನೆಯ ಗಾಳ ಇರುವ ಲೂರ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲು ಸೈಕಲ್ ವಾಲ್ವ್ ಟ್ಯೂಬಿನ ಚೂರನ್ನು ಮೊನೆಗೆ ತೊಡಿಸಿದರೆ ಸಾಕು.

ನುಸಿಗುಳಿಗೆ ಹಾಕಬೇಡಿ. ವಾಸನೆ ಲೂರ್‌ಗೂ ದಾರಕ್ಕೂ ಹತ್ತಿ ಬಿಡುವುದೇ ಇಲ್ಲ. ಮೀನಿಗೆ ವಾಸನೆ ಗೊತ್ತಾಗುತ್ತದೆ.

8. ಬಲೆ ಮತ್ತು ಕೂಣಿ

ಬೀಸುಬಲೆಯನ್ನು ಒಳ್ಳೆಯ ನೀರಿನಲ್ಲಿ ಜಾಲಿಸಿ, ಸಿಕ್ಕಿಕೊಂಡ ಕಡ್ಡಿ, ಏಡಿಯ ಕಾಲು, ಹುರುಪೆ ಎಲ್ಲ ತೆಗೆಯಿರಿ. ನೆರಳಿನಲ್ಲಿ ಹರಡಿ ಒಣಗಿಸಿ. ಹರಿದ ಕಣ್ಣುಗಳನ್ನು ಈಗಲೇ ಹೆಣೆದುಬಿಡಿ, ಒಂದು ಕಣ್ಣು ಮುಂದಿನ ಸಲ ಹತ್ತಾಗುತ್ತದೆ. ಆಮೇಲೆ ನೆತ್ತಿಯ ಹಗ್ಗ ಹಿಡಿದು ನೇತು ಹಾಕಿ. ಕೆಳಗಿನ ಸೀಸದ ಅಂಚು ಬುಟ್ಟಿಯೊಳಗೆ ಕೂರಲಿ. ಅಷ್ಟೂ ಭಾರ ತಿಂಗಳುಗಟ್ಟಲೆ ಬಲೆಯ ಮೇಲೆ ಜೋತಾಡಬಾರದು. ಕಬ್ಬಿಣದ ಮೊಳೆಗೆ ಹಾಕಿದರೆ ತುಕ್ಕು ಹತ್ತಿ ಎಳೆ ಕಡಿಯುತ್ತದೆ. ಮರದ ಗೂಟ ಹೊಡೆಯಿರಿ.

ಬಲೆಗೆ ದೊಡ್ಡ ಶತ್ರು ಇಲಿ. ಮೀನಿನ ವಾಸನೆ ಉಳಿದ ಬಲೆಯನ್ನು ಅದು ಬಿಡುವುದಿಲ್ಲ. ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೂಲೆಗೆ ಹಾಕಿದರೆ ಅದಕ್ಕೆ ಬೆಚ್ಚನೆ ಗೂಡೇ ಆಯಿತು. ಹಿಂದೆ ಹಾಲು ಮೊಸರು ಕಾಯಲು ನೆಲುವು ಕಟ್ಟುತ್ತಿದ್ದರಲ್ಲ, ಇಲಿ ಇರುವ ಮನೆಯಲ್ಲಿ ಗೂಟದ ಬದಲು ಅದೇ ಉಪಾಯ ಸರಿ, ಬುಟ್ಟಿಯೂ ಬಲೆಯ ಜೊತೆ ಅದರಲ್ಲೇ ತೂಗಲಿ. ಮಾಡಿನ ಪಕಾಸಿಯಿಂದ ತಂತಿ ಇಳಿಬಿಟ್ಟು, ತಂತಿಯ ನಡುವೆ ತೂತು ಹೊಡೆದ ತೆಂಗಿನ ಗರಟೆಯನ್ನು ಬೋರಲಾಗಿ ಪೋಣಿಸಿ, ಜಾರದಂತೆ ಕೆಳಗೊಂದು ಗಂಟು ಹಾಕಿ. ತಂತಿಯಲ್ಲಿ ಇಳಿದು ಬಂದ ಇಲಿ ಗರಟೆಯ ಮೇಲೆ ಜಾರುತ್ತದೆ. ಬಲೆ ಗೋಡೆಯಿಂದ ಸಾಕಷ್ಟು ದೂರ ತೂಗುತ್ತಿರಲಿ, ಇಲ್ಲದಿದ್ದರೆ ಇಲಿ ಗೋಡೆಯಿಂದ ಬಲೆಗೆ ಹಾರುತ್ತದೆ.

ಕೂಣಿಯ ಕಥೆ ಬೇರೆ. ಬಿದಿರಿಗೆ ಕುಟ್ಟೆ ಹುಳ ಹಿಡಿಯುವುದು ಅದರೊಳಗಿನ ಪಿಷ್ಟಕ್ಕಾಗಿ. ಕೂಣಿಯ ಕೆಳಗೆ ಹಳದಿ ಹಿಟ್ಟು ಉದುರಿದ್ದು ಕಂಡರೆ ಹುಳ ಒಳಗಿದೆ ಎಂದು ತಿಳಿಯಿರಿ. ಹೊಸದಾಗಿ ಹೆಣೆಸುವುದಾದರೆ ಬಲಿತ ಬಿದಿರು ಕಡಿದು, ಎರಡು ಮೂರು ವಾರ ಹರಿಯುವ ನೀರಿನಲ್ಲಿ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ ಆಮೇಲೆ ಸೀಳಿಸಿ. ಪಿಷ್ಟ ನೀರಿಗೆ ಬಿಟ್ಟು ಹೋಗುತ್ತದೆ, ಕುಟ್ಟೆ ಕಡಿಮೆಯಾಗುತ್ತದೆ. ಹೆಣೆದ ಕೂಣಿಯನ್ನು ತೊಳೆದು ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ಇಡಿ. ಹೊಗೆಗೆ ತೇವವೂ ನಿಲ್ಲುವುದಿಲ್ಲ, ಹುಳವೂ ಬರುವುದಿಲ್ಲ. ಮಸಿ ಹಿಡಿದು ಕಪ್ಪಾದ ಹಳೇ ಕೂಣಿ ಹೊಸದಕ್ಕಿಂತ ಗಟ್ಟಿಯಾಗಿರುವುದು ಇದಕ್ಕೇ. ಗ್ಯಾಸ್ ಒಲೆ ಮಾತ್ರ ಇರುವ ಮನೆಯಲ್ಲಿ ಈ ಅನುಕೂಲ ಇಲ್ಲ. ಅಂಥವರು ಕೂಣಿಯನ್ನು ಬೇಸಿಗೆಯಲ್ಲಿ ಎರಡು ದಿನ ಬಿಸಿಲಿಗಿಟ್ಟು, ಆಮೇಲೆ ಗಾಳಿಯಾಡುವ ಕಡೆ ನೇತು ಹಾಕಬೇಕು.

ಮೊದಲ ಮಳೆಗೆ ಮೀನು ಮೊಟ್ಟೆ ಇಡಲು ಹೊಳೆಯಿಂದ ಮೇಲೆ ಹತ್ತಿ ಬರುವ ದಿನಗಳಲ್ಲಿ ಕೂಣಿ ಕೆಳಗಿಳಿಸಬೇಕೆಂದು ಎಲ್ಲರಿಗೂ ಆಸೆಯಾಗುತ್ತದೆ. ಹತ್ತುಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಅವು ಗದ್ದೆ, ಹಳ್ಳ ಸೇರಿ ಮೊಟ್ಟೆ ಇಟ್ಟರೆ ಮುಂದಿನ ವರ್ಷಕ್ಕೆ ಮೀನು. ಆ ದಿನಗಳಲ್ಲಿ ಕೂಣಿ ಅಟ್ಟದಲ್ಲೇ ಇರಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

9. ಉಳಿದವು

ಕಡಲೆಹಿಂಡಿ, ತೌಡು, ಹಿಟ್ಟಿನ ಎರೆಗಳನ್ನು ಮಳೆಗಾಲಕ್ಕೆ ಉಳಿಸಬೇಡಿ. ಬೂಸ್ಟು ಬರುತ್ತದೆ. ದನಕ್ಕೆ ಹಾಕುವಂಥದ್ದನ್ನು ಚೆನ್ನಾಗಿರುವಾಗಲೇ ಹಾಕಿಬಿಡಿ, ಬೂಸ್ಟು ಹಿಡಿದ ಮೇಲೆ ಹಾಕಬೇಡಿ.

ಗಮ್‌ಬೂಟನ್ನು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿ. ನೀರೂ ಇಳಿಯುತ್ತದೆ, ಹಾವು ಚೇಳು ಒಳಗೆ ಸೇರುವುದೂ ತಪ್ಪುತ್ತದೆ. ಹಾಗಿದ್ದರೂ ಕಾಲು ಹಾಕುವ ಮೊದಲು ಒಮ್ಮೆ ಕೊಡವಿ.

ಹಿನ್ನೀರಿನಲ್ಲಿ ತೆಪ್ಪ ಹತ್ತುವವರ ಹತ್ತಿರ ಲೈಫ್ ಜಾಕೆಟ್ ಇರಲೇಬೇಕು. ಅದನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಅಗಲ ಹ್ಯಾಂಗರಿಗೆ ಹಾಕಿ. ಮೇಲೆ ಏನನ್ನೂ ಹೇರಬೇಡಿ, ಕೂರುವ ದಿಂಬು ಮಾಡಿಕೊಳ್ಳಬೇಡಿ. ಒಳಗಿನ ಫೋಮ್ ಚಪ್ಪಟೆಯಾದರೆ ತೇಲಿಸುವ ಶಕ್ತಿ ಕಡಿಮೆಯಾಗುತ್ತದೆ.

10. ಮಳೆಗಾಲದ ಪಾಳಿ

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಹೊಡೆಯುವಾಗ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ, ಎಲ್ಲಕ್ಕಿಂತ ಜಾಸ್ತಿ ತೇವ. ಆಗ ವಾರಕ್ಕೊಮ್ಮೆ ನೋಡಿ. ರಾಡಿನ ಹಿಡಿಯನ್ನು ಒಣಬಟ್ಟೆಯಲ್ಲಿ ಒರೆಸಿ. ರೀಲಿನ ಹಿಡಿಯನ್ನು ನಾಲ್ಕು ಸುತ್ತು ತಿರುಗಿಸಿ, ಒಳಗಿನ ಎಣ್ಣೆ ಹರಡುತ್ತದೆ. ಬಲೆಯನ್ನು ಕೊಡವಿ. ಗಾಳದ ಡಬ್ಬಿಯನ್ನು ಮಾತ್ರ ಮಳೆ ಸುರಿಯುವಾಗ ತೆರೆಯಬೇಡಿ. ಹೊಳವಾಗಿ ನಾಲ್ಕು ಗಂಟೆ ಬಿಸಿಲು ಬಿದ್ದ ದಿನ, ಮಧ್ಯಾಹ್ನದ ಮೇಲೆ ತೆರೆಯಿರಿ. ಬೆಳಗಿನ ಗಾಳಿಗಿಂತ ಆಗಿನ ಗಾಳಿ ಒಣಗಿರುತ್ತದೆ. ಪೊಟ್ಟಣ ಬದಲಿಸಿ, ಮುಚ್ಚಿ.

ಬೀರುವಿನಲ್ಲಿ ಇಟ್ಟವರು ಒಳಗೆ 15 ವ್ಯಾಟಿನ ಹಳೇ ಮಾದರಿಯ ಬಲ್ಬು ಹಾಕಬಹುದು. ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಕಾವು ಬರುವುದಿಲ್ಲ, ಅದು ಈ ಕೆಲಸಕ್ಕಾಗದು. ಸ್ವಲ್ಪ ಬಿಸಿಯಾದ ಗಾಳಿಯಲ್ಲಿ ತೇವ ಸಾಮಾನಿನ ಮೇಲೆ ಕೂರುವುದಿಲ್ಲ. ಬಲ್ಬು ಬೀರುವಿನ ತಳದಲ್ಲಿರಲಿ, ಸುತ್ತ ಒಂದಡಿ ಏನೂ ಇಲ್ಲದಿರಲಿ, ದಾರ ಬಟ್ಟೆ ಮೇಲಿನ ಅರೆಯಲ್ಲಿರಲಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರದೇ ಇರಬಹುದು. ಆದ್ದರಿಂದ ಬಲ್ಬು ಇದ್ದರೂ ಸಿಲಿಕಾ ಪೊಟ್ಟಣ ತಪ್ಪಿಸಬೇಡಿ.

ಸೆಪ್ಟೆಂಬರ್ ಕೊನೆಗೆ ಮಳೆ ಇಳಿದು ನೀರು ತಿಳಿಯಾಗತೊಡಗುತ್ತದೆ. ಆಗ ಹಳೇ ದಾರ ತೆಗೆದು ಹೊಸದು ಸುತ್ತಿ. ಡ್ರ್ಯಾಗನ್ನು ಮತ್ತೆ ಹದಕ್ಕೆ ತನ್ನಿ. ಪ್ರತಿ ಗಾಳದ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಅರ ಹಾಕಿ ಅಥವಾ ಬದಲಿಸಿ. ನಿಮ್ಮ ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಆ ವರ್ಷದ ಪರವಾನಗಿ, ನಿರ್ಬಂಧ ವಿಚಾರಿಸಿಕೊಳ್ಳಿ. ಶೃಂಗೇರಿಯ ದೇವಸ್ಥಾನದ ಮಡುವಿನಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಗಾಳ ಹಾಕುವಂತಿಲ್ಲ. ಇಷ್ಟಾದ ಮೇಲೆ ದಾರದ ತುದಿಗೆ ಗಾಳ ಕಟ್ಟಿ, ಇನ್ನೊಬ್ಬರಿಗೆ ಗಾಳವನ್ನು ಇಕ್ಕಳದಲ್ಲಿ ಹಿಡಿಯಲು ಹೇಳಿ ಅಂಗಳದಲ್ಲಿ ರಾಡು ಬಗ್ಗಿಸಿ ಒಮ್ಮೆ ಎಳೆದು ನೋಡಿ. ದಾರ, ಗಂಟು, ಡ್ರ್ಯಾಗ್, ರಾಡಿನ ಕೀಲು ನಾಲ್ಕೂ ಒಟ್ಟಿಗೇ ಪರೀಕ್ಷೆಯಾಗುತ್ತವೆ.